ಎಡಗಾಲಿನ ಚಪ್ಪಲಿ

ನಮ್ಮ ಮನೆಯ ಹಿತ್ತಿಲ ಬಾಗಿಲಿನಿಂದ ಕೊಟ್ಟಿಗೆಗೆ ಇಳಿಯುವ ಮೆಟ್ಟಿಲ ಮೇಲೆ ನನ್ನ ಓರಗಿತ್ತಿ ರತ್ನಮ್ಮನ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಸದಾ ಬಿದ್ದಿರುತ್ತದೆ. ಅದರಲ್ಲಿ ನೋಡುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನೂ ಎಷ್ಟೋ ವರ್ಷ ಅದನ್ನು ದಾಟಿಕೊಂಡೇ ಓಡಾಡಿದವಳು. ಒಂದು ದಿನ ಮೆಟ್ಟಿಲು ತೊಳೆಯೋಣವೆಂದು ಎರಡನ್ನೂ ಎತ್ತಿ ಗೋಡೆಗೆ ಒರಗಿಸಿದಾಗ ಕಣ್ಣಿಗೆ ಬಿತ್ತು: ಬಲಗಾಲಿನದು ಇನ್ನೂ ಒಂದು ವರ್ಷ ಬಾಳುವಷ್ಟು ಗಟ್ಟಿಯಾಗಿತ್ತು, ಎಡಗಾಲಿನದು ಮಾತ್ರ ಹಿಮ್ಮಡಿಯ ಹತ್ತಿರ ಬೆಳಕು ತೂರುವಷ್ಟು ಸವೆದು, ಉಳಿದ ಅಟ್ಟೆಯೆಲ್ಲ ಇಲಿ ಕಡಿದ ಹಾಗೆ ಕಚ್ಚುಕಚ್ಚಾಗಿತ್ತು. ಒಂದೇ ದಿನ ಕೊಂಡ, ಒಬ್ಬಳೇ ಮೆಟ್ಟಿದ, ಒಂದೇ ದಾರಿ ತುಳಿದ ಎರಡು ಚಪ್ಪಲಿಗಳಿಗೆ ಎರಡು ಬಗೆಯ ಆಯುಷ್ಯ ಹೇಗೆ ಬಂತು ಎಂಬ ಪ್ರಶ್ನೆ ಆವತ್ತು ನನ್ನ ತಲೆಯನ್ನು ಹೊಕ್ಕಿತು.

ಸವೆತವನ್ನು ನೋಡುವುದು ನನ್ನ ಹಳೆಯ ಚಾಳಿ. ಇಪ್ಪತ್ತೇಳು ವರ್ಷ ನಮ್ಮ ಪಂಚಾಯಿತಿಯ ಗ್ರಂಥಾಲಯವನ್ನು ನೋಡಿಕೊಂಡವಳು ನಾನು. ಪುಸ್ತಕ ವಾಪಸ್ಸು ಬಂದಾಗ ಯಾವ ಹಾಳೆಯ ಅಂಚು ಕಪ್ಪಾಗಿದೆ, ಎಲ್ಲಿಂದ ಮುಂದೆ ಹಾಳೆಗಳು ಬೆಳ್ಳಗೆ ಉಳಿದಿವೆ ಎಂದು ನೋಡಿ, ಓದುಗ ಎಲ್ಲಿ ನಿದ್ದೆ ಹೋದ ಎಂಬುದನ್ನು ಅವನನ್ನು ಕೇಳದೆಯೇ ತಿಳಿದುಕೊಳ್ಳುತ್ತಿದ್ದೆ. ಆ ಕುತೂಹಲವೇ ಈಗ ಚಪ್ಪಲಿಗೆ ತಿರುಗಿತು. ರತ್ನಮ್ಮ ಕುಂಟುತ್ತಾಳೆಯೇ ಎಂದು ಎರಡು ದಿನ ಹಿಂದಿನಿಂದ ನೋಡಿದೆ, ಕುಂಟುವುದಿಲ್ಲ. ಹಾಲಿನ ಕ್ಯಾನು ಹಿಡಿಯುವುದು ಬಲಗೈಯಲ್ಲಿ. ಭಾರವೇ ಕಾರಣವಾದರೆ ಬಲಗಾಲಿನದಲ್ಲವೇ ಮೊದಲು ಸವೆಯಬೇಕು? ಅವಳನ್ನೇ ಕೇಳಿದರೆ ಸೀಮೆ ಹಸುವಿನ ಬೆನ್ನು ತಿಕ್ಕುತ್ತಿದ್ದವಳು ತಿರುಗಿ ಕೂಡ ನೋಡದೆ, “ಚಪ್ಪಲಿ ಅಂದ್ಮೇಲೆ ಸವೀತದೆ ಬಿಡಕ್ಕಾ, ಅದನ್ನೂ ಒಂದು ವಿಚಾರ ಅಂತ ಹಿಡ್ಕೊಂಡು ಕೂತಿದ್ದೀಯಲ್ಲ” ಎಂದಳು.

ಉತ್ತರ ಸಿಕ್ಕಿದ್ದು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ. ಅಲ್ಲಿ ಕೊಡೆ ಬಿಚ್ಚಿಕೊಂಡು ಕೂತು ಚಪ್ಪಲಿ ಹೊಲಿಯುವ ಮುನಿರಾಜಣ್ಣ ನನ್ನ ಚೀಲದಿಂದ ಹೊರಬಂದ ಎಡಗಾಲಿನದನ್ನು ಒಂದು ಸಲ ತಿರುಗಿಸಿ ನೋಡಿ, “ನೀವು ಆ ಹೊಸ ರಸ್ತೆ ಕಡೆಯೋರಾ?” ಎಂದು ಕೇಳಿದ. ಹೌದು, ನಿನಗೆ ಹೇಗೆ ಗೊತ್ತಾಯಿತು ಎಂದರೆ, ಪಕ್ಕದ ಗೋಣಿಚೀಲದಿಂದ ಇನ್ನೂ ನಾಲ್ಕು ಚಪ್ಪಲಿ ತೆಗೆದು ನನ್ನ ಮುಂದೆ ಸಾಲಾಗಿಟ್ಟ. ನಾಲ್ಕೂ ಎಡಗಾಲಿನವೇ. “ಆ ರೋಡು ಅಗಲ ಮಾಡಿದಾಗಿಂದ ಆ ಕಡೆಯಿಂದ ಬರೋದೆಲ್ಲ ಹಿಂಗೇ ಕಣಮ್ಮ. ನಡೆಯೋರಿಗೆ ಅಲ್ಲಿ ಜಾಗ ಎಲ್ಲೈತೆ? ಬಲಗಾಲು ಟಾರಿನ ಮೇಲೆ, ಎಡಗಾಲು ಜಲ್ಲಿ ಮೇಲೆ. ಗಾಡಿ ಬಂದಾಗೆಲ್ಲ ಎಡಗಡೆಗೆ ಇಳೀಬೇಕು. ಹೋಗ್ತಾನೂ ಎಡಗಡೆ, ಬರ್ತಾನೂ ಎಡಗಡೆ. ಪಾಪ, ಎಡಗಾಲು ಏನ್ ಮಾಡ್ತದೆ?” ಎಂದು ಹೇಳಿ, ಅಟ್ಟೆಗೆ ಸಿಕ್ಕಿಕೊಂಡಿದ್ದ ಜಲ್ಲಿಯ ಚೂರನ್ನು ಉಳಿಯ ಮೊನೆಯಿಂದ ಎಬ್ಬಿಸಿ ನನ್ನ ಅಂಗೈಗೆ ಹಾಕಿದ.

ಆ ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದವಳು ಮರುದಿನ ಬೆಳಿಗ್ಗೆ ರತ್ನಮ್ಮನ ಜೊತೆ ಡೈರಿಗೆ ಹೊರಟೆ. ನಮ್ಮೂರಿರುವುದು ಮಧುರೆ ಹೋಬಳಿಯಲ್ಲಿ. ಊರಿನಿಂದ ಡೈರಿ ಒಂದು ಮೈಲಿ, ಅಷ್ಟೂ ದೂರ ದೊಡ್ಡ ರಸ್ತೆಯ ಪಕ್ಕದಲ್ಲೇ ನಡೆಯಬೇಕು. ಮೊದಲು ಅಲ್ಲಿ ಎರಡೂ ಕಡೆ ಹೊಂಗೆಮರಗಳಿದ್ದವು, ಮರಗಳಿಗೂ ಹೊಲದ ಬೇಲಿಗೂ ನಡುವೆ ಇಬ್ಬರು ಮಾತಾಡಿಕೊಂಡು ಹೋಗುವಷ್ಟು ಅಗಲದ ಕಾಲುದಾರಿಯಿತ್ತು. ರಸ್ತೆ ಅಗಲವಾದಾಗ ಮರವೂ ಹೋಯಿತು, ದಾರಿಯೂ ಹೋಯಿತು. ಈಗ ಟಾರು ಮುಗಿದಲ್ಲಿ ಒಂದು ಮೊಳ ಜಲ್ಲಿ, ಜಲ್ಲಿ ಮುಗಿದಲ್ಲಿ ಆಳದ ಚರಂಡಿ. ಆ ಒಂದು ಮೊಳದಲ್ಲಿ ಹಾಲಿನ ಹೆಂಗಸರು, ಹಿಡಿಗೆ ಬುತ್ತಿ ತೂಗುಹಾಕಿಕೊಂಡು ಮಗ್ಗದ ಕೆಲಸಕ್ಕೆ ಹೋಗುವ ಸೈಕಲ್ಲಿನವರು, ಹೈಸ್ಕೂಲಿನ ಹುಡುಗಿಯರು, ಸೌದೆ ಹೊತ್ತವರು, ಮೇಕೆ ಹೊಡೆದುಕೊಂಡು ಬರುವ ಮುದುಕರು ಎಲ್ಲರೂ ಹೊಂದಿಕೊಳ್ಳಬೇಕು. ರತ್ನಮ್ಮ ಎಷ್ಟು ಸಲ ಜಲ್ಲಿಗೆ ಇಳಿಯುತ್ತಾಳೆಂದು ಎಣಿಸಲು ನಾನು ಹುಣಸೆಬೀಜ ತಂದಿದ್ದೆ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ಹೋದೆ. ಅರ್ಧ ದಾರಿಗೇ ಬೀಜ ಮುಗಿದವು.

ಆದರೂ ಆ ಬೆಳಿಗ್ಗೆ ನಾನು ಕಂಡ ಇನ್ನೊಂದು ಸಂಗತಿಯನ್ನು ನಿಮಗೆ ಹೇಳದಿದ್ದರೆ ತಪ್ಪಾಗುತ್ತದೆ. ರತ್ನಮ್ಮ ಮನೆಯಲ್ಲಿ ಮಾತು ಕಡಿಮೆ. ಒಲೆ, ಕೊಟ್ಟಿಗೆ, ಬಾವಿಕಟ್ಟೆ ಎಂದು ಸುತ್ತುತ್ತಲೇ ಇರುವವಳು. ಆ ದಾರಿಯಲ್ಲಿ ಅವಳೇ ಬೇರೆ. ಒಂಟಿಮನೆಯ ಕೆಂಪಮ್ಮ ಸಿಕ್ಕಿದಳು, ಅವಳ ಸೊಸೆಯ ಸುದ್ದಿ ಬಂತು. ಯಾರೋ ರಾಗಿಗೆ ನೀರು ಬಿಡುತ್ತಿದ್ದರು, ಅವರ ಜೊತೆ ಒಂದು ತಮಾಷೆ ಆಯಿತು. ಸ್ವಲ್ಪ ದೂರ ಯಾರೂ ಇಲ್ಲದಾಗ ಅವಳು ತನ್ನಷ್ಟಕ್ಕೆ ಏನನ್ನೋ ಗುನುಗಿಕೊಂಡಳು. “ಮನೇಲಿ ಕೂತ್ರೆ ಯಾರಾದ್ರೂ ಕರೀತಾನೇ ಇರ್ತಾರೆ ಕಣಕ್ಕಾ. ಈ ಎರಡು ಹೊತ್ತು ಮಾತ್ರ ನನ್ನ ಯಾರೂ ಕರೆಯಲ್ಲ” ಎಂದಳು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಅವಳನ್ನು ಹೆಚ್ಚು ಸಲ ಕರೆದವಳು ನಾನೇ.

ಕಾರ್ತಿಕದಲ್ಲಿ ಅವಳು ಬಿದ್ದಳು. ಹಿಂದಿನಿಂದ ಬಂದ ಬೈಕಿಗೆ ದಾರಿ ಬಿಡಲು ಹೋಗಿ ಜಲ್ಲಿ ಜಾರಿ ಚರಂಡಿಗೆ ಉರುಳಿದಳು; ಹಾಲು ಚೆಲ್ಲಿತು, ಬಲ ಮಣಿಕಟ್ಟು ಉಳುಕಿತು. ಅವಳ ಮಗ ಮಂಜು ಅದೇ ರಸ್ತೆಯಲ್ಲಿ ಗೂಡ್ಸ್ ಆಟೋ ಓಡಿಸುವವನು, ಅಲ್ಲಿ ಚಕ್ರಗಳು ಹೇಗೆ ಓಡುತ್ತವೆಂದು ನಮಗಿಂತ ಚೆನ್ನಾಗಿ ಬಲ್ಲವನು. ಆವತ್ತೇ ತೀರ್ಮಾನ ಹೇಳಿಬಿಟ್ಟ: “ಹಸು ಕೊಟ್ಬಿಡಾಣ ದೊಡ್ಡಮ್ಮ. ಹಾಲಿಲ್ಲ ಅಂದ್ರೆ ಅಮ್ಮ ರೋಡಿಗೆ ಹೋಗಲ್ಲ. ಆಟೋದಲ್ಲಿ ತಗೊಂಡ್ ಹೋಗಾಣ ಅಂದ್ರೆ ಹಾಲಿನ ಹೊತ್ತಿಗೆ ನಾನೆಲ್ಲಿರ್ತೀನೋ.” ಅವನ ಭಯದಲ್ಲಿ ಸುಳ್ಳಿರಲಿಲ್ಲ. ರತ್ನಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು, ಎಡಗಾಲಿನ ಹೆಬ್ಬೆರಳಿನಿಂದ ಚಪ್ಪಲಿಯನ್ನು ಹಿಂದೆ ಮುಂದೆ ಸರಿಸುತ್ತಿದ್ದಳು. ಹಸು ಹೋದರೆ ಅವಳ ಆ ಎರಡು ಹೊತ್ತೂ ಹೋಗುತ್ತವೆ ಎಂಬುದು ನಮ್ಮಿಬ್ಬರಿಗೇ ಗೊತ್ತಿತ್ತು.

ನಾನು ಅರ್ಜಿ ಬರೆದೆ. ನನ್ನ ಅಕ್ಷರ ದುಂಡಗಿರುವುದರಿಂದ ಊರಿನ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುವುದು. ಹೊಸ ನೀರಿನ ಟ್ಯಾಂಕಿನ ಪೂಜೆಗೆ ಶಾಸಕರು ಬರುವವರಿದ್ದರು. ಆಗ ರಸ್ತೆಯನ್ನೂ ತೋರಿಸಿ, ನಡೆಯುವವರಿಗೊಂದು ಸೈಕಲ್ಲಿನವರಿಗೊಂದು ದಾರಿ ಕೇಳೋಣವೆಂದು ಊರವರೆಲ್ಲ ಒಪ್ಪಿದರು. ಇನ್ನು ಮುಂದೆ ನಡೆದದ್ದನ್ನು ಹೇಳಲು ನನಗೆ ಇವತ್ತಿಗೂ ನಗುವೂ ನಾಚಿಕೆಯೂ ಒಟ್ಟಿಗೆ ಬರುತ್ತವೆ.

ದೊಡ್ಡವರು ಬರುತ್ತಾರೆಂದರೆ ನಮ್ಮ ಕಡೆ ಊರನ್ನು ಹಸನು ಮಾಡುವುದು ರೂಢಿ. ಹಿಂದಿನ ದಿನವೇ ಹೆಂಗಸರು ಬುಟ್ಟಿ ಹಿಡಿದು ರಸ್ತೆಯಂಚಿನ ಜಲ್ಲಿಯನ್ನೆಲ್ಲ ಬಳಿದು ತೆಗೆದರು, ಗಂಡಸರು ಕೆರೆಯ ಕೆಮ್ಮಣ್ಣು ಹಾಕಿ ನೀರು ಚಿಮುಕಿಸಿ ಬಡಿದು ಸಮ ಮಾಡಿದರು, ಅಂಚಿಗೆ ಸುಣ್ಣದ ಗೆರೆ ಎಳೆದರು. ಗೌಜು ಬೇಡವೆಂದು ಹಾಲಿನವರಿಗೆ ಬೇಗನೆ ಹಾಕಿ ಬರುವಂತೆ, ಸೈಕಲ್ಲಿನವರಿಗೆ ಆ ಹೊತ್ತು ರಸ್ತೆಗೆ ಬರದಂತೆ ಹೇಳಿಯೂ ಆಯಿತು. ಬರಮಾಡಿಕೊಳ್ಳಲು ನಡೆದು ಹೋದರೆ ಮರ್ಯಾದೆಯಲ್ಲವೆಂದು ಎಲ್ಲರೂ ಬೈಕು ಹತ್ತಿದರು. ಇಲ್ಲದವರು ಭಾವಮೈದುನನಿಂದ ತಂದರು. ನಾನು, ನೀವು ನಂಬುವುದಿಲ್ಲ, ಪಂಚಾಯಿತಿ ಮೆಂಬರ್ ಕೃಷ್ಣಪ್ಪನ ಕಾರಿನ ಮುಂದಿನ ಸೀಟಿನಲ್ಲಿ ಅರ್ಜಿ ಹಿಡಿದು ಕೂತು ಹೋದೆ.

ಶಾಸಕರು ಇಳಿದರು, ಅರ್ಜಿ ಓದಿದರು, ಸುಣ್ಣದ ಗೆರೆಯ ಉದ್ದಕ್ಕೂ ಕಣ್ಣು ಹಾಯಿಸಿದರು. “ರಸ್ತೆ ಅಂಚು ಚೆನ್ನಾಗೇ ಇದೆಯಲ್ಲಮ್ಮ. ನಡೆಯೋರು ತುಂಬ ಜನ ಅಂತ ಬರೆದಿದ್ದೀರಿ. ಎಲ್ಲಿದ್ದಾರೆ?” ಎಂದು ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಹುಡುಕಿದರು. ನಾನು ಹಿಂದೆ ತಿರುಗಿ ನೋಡಿದೆ. ಸಾಲುಸಾಲು ಬೈಕು. ಮರ್ಯಾದೆ ಮಾಡುವ ಭರದಲ್ಲಿ ನಮ್ಮ ಸಾಕ್ಷಿಯನ್ನು ನಾವೇ ಗುಡಿಸಿ ಎಸೆದಿದ್ದೆವು. ಎರಡು ಮಳೆಗೆ ಆ ಕೆಮ್ಮಣ್ಣು ಚರಂಡಿ ಸೇರಿ ಅಡಿಯಲ್ಲಿ ಉಳಿದಿದ್ದ ಜಲ್ಲಿ ಮತ್ತೆ ಮೇಲೆ ಬಂತು.

ಆ ದಿನದಿಂದ ಚಪ್ಪಲಿಗಿಂತ ದೊಡ್ಡದೊಂದು ಪ್ರಶ್ನೆ ನನ್ನ ಹಿಂದೆ ಬಿದ್ದಿದೆ: ನಡೆಯುವವರನ್ನು ನಾವೇಕೆ ಬಚ್ಚಿಡುತ್ತೇವೆ? ಮನೆಗೆ ನೆಂಟರು ಬಂದರೆ ನೀರು ಕೊಟ್ಟ ಮೇಲೆ ನಾವು ಕೇಳುವ ಮೊದಲ ಮಾತು “ಯಾವುದರಲ್ಲಿ ಬಂದ್ರಿ?” ಎಂದು. ಬಸ್ಸಿನಲ್ಲಿ ಬಂದವರು ಬಸ್ಸೆನ್ನುತ್ತಾರೆ, ಕಾರಿನವರು ಕಾರಿನ ಹೆಸರನ್ನೂ ಸೇರಿಸುತ್ತಾರೆ. ನಡೆದು ಬಂದವರು ಮಾತ್ರ ತಲೆ ತಗ್ಗಿಸಿ “ಯಾವುದರಲ್ಲೂ ಇಲ್ಲ, ಹಂಗೇ ಬಂದೆ” ಎನ್ನುತ್ತಾರೆ. ಬಿಸಿಲಲ್ಲಿ ಎರಡು ಮೈಲಿ ಬಂದ ಕಾಲುಗಳನ್ನು ಅವುಗಳ ಒಡೆಯನೇ ಲೆಕ್ಕಕ್ಕೆ ಹಿಡಿಯದಿದ್ದರೆ ಬೆಂಗಳೂರಿನಲ್ಲಿ ಕೂತವರು ಹೇಗೆ ಹಿಡಿದಾರು? ಹೈಸ್ಕೂಲಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟ ವರ್ಷಗಳನ್ನು ನಾನು ಕಂಡಿದ್ದೇನೆ, ಆ ಹುಡುಗಿಯರ ಮುಖದ ಬೆಳಕು ಇನ್ನೂ ನೆನಪಿದೆ. ಸೈಕಲ್ಲಿನ ಜೊತೆಗೆ ಅದು ಓಡಲು ಮೂರು ಅಡಿ ನೆಲವನ್ನೂ ಕೊಡಬೇಕೆಂದು ಆಗ ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಯೋಚನೆ ಹಿಡಿದರೆ ನನ್ನದು ಎಲ್ಲಿಗೋ ಹೋಗುವ ತಲೆ. ದೊಡ್ಡಬಳ್ಳಾಪುರದ ಪಕ್ಕದ ರಾಜಘಟ್ಟದಲ್ಲಿ ನೆಲ ಅಗೆದಾಗ ಬೌದ್ಧರ ಕಾಲದ ಮಣ್ಣಿನ ಪುಟ್ಟ ಬಿಲ್ಲೆಗಳು ಸಿಕ್ಕಿದವಲ್ಲ, ಅವನ್ನು ಅಲ್ಲಿಗೆ ತಂದು ಅರ್ಪಿಸಿದವರು ಯಾವ ದಾರಿಯಲ್ಲಿ ನಡೆದು ಬಂದಿರಬಹುದು, ಅವರ ಯಾವ ಕಾಲಿನ ಹಿಮ್ಮಡಿ ಒಡೆದಿರಬಹುದು ಎಂದು ಯೋಚಿಸುತ್ತ ಒಂದು ಮಧ್ಯಾಹ್ನವೇ ಕಳೆದೆ. ಆಮೇಲೆ ನಮ್ಮೂರ ಹಳೆಯ ಗ್ರಾಮನಕಾಶೆಯನ್ನು ತರಿಸಿ ನೋಡಿದೆ. ಅದರಲ್ಲಿ ಕೆರೆ, ಗೋಮಾಳ, ಗುಂಡುತೋಪುಗಳ ನಡುವೆ ಸಣ್ಣ ಚುಕ್ಕೆಗಳ ಸಾಲೊಂದು ಊರಿನಿಂದ ಹೊರಟು ಈಗಿನ ರಸ್ತೆಯ ಮಗ್ಗುಲಲ್ಲೇ ಸಾಗುತ್ತದೆ; ಪಕ್ಕದಲ್ಲಿ ‘ಕಾಲುದಾರಿ’ ಎಂದು ಬರೆದಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಹಾಗಾದರೆ ನಾವು ಕೇಳುತ್ತಿರುವುದು ಹೊಸ ಸವಲತ್ತೇನಲ್ಲ, ಕಾಗದದಲ್ಲಿ ಇದ್ದು ನೆಲದಲ್ಲಿ ಕಳೆದುಹೋದದ್ದನ್ನು. ಅದರ ಒಂದು ನಕಲು ಮಾಡಿಸಿ ಎರಡನೆಯ ಅರ್ಜಿಗೆ ಲಗತ್ತಿಸಿದೆ.

ಆದರೆ ನನ್ನ ಮನಸ್ಸಿನಲ್ಲಿದ್ದ ನಿಜವಾದ ಲಗತ್ತು ಬೇರೆ. ಮುನಿರಾಜಣ್ಣನ ಗೋಣಿಚೀಲದಲ್ಲಿದ್ದ ಎಡಗಾಲಿನ ಚಪ್ಪಲಿಗಳನ್ನೆಲ್ಲ ಶಾಸಕರ ಮುಂದಿಟ್ಟರೆ ಒಂದು ಮಾತೂ ಆಡಬೇಕಾಗಿಲ್ಲ ಎಂದು ನನಗನ್ನಿಸಿತ್ತು. ಹೇಳಿದ್ದಕ್ಕೆ ಅವನು ಹೊಲಿಗೆ ನಿಲ್ಲಿಸಿ ನನ್ನನ್ನೇ ನೋಡಿದ. “ಚಪ್ಪಲಿ ಕೈಲಿ ಹಿಡ್ಕೊಂಡು ಎಮ್ಮೆಲ್ಲೆ ಮುಂದೆ ನಿಂತ್ಕೋತೀರಾ? ನೀವು ಬಾಯಿ ಬಿಡೋಕೆ ಮುಂಚೆ ಎತ್ತಾಕ್ಕೊಂಡು ಹೋಗ್ತಾರೆ ತಾಯಿ.” ನಿಜವೇ. ನಮ್ಮಲ್ಲಿ ಚಪ್ಪಲಿ ಕಾಲಲ್ಲಿದ್ದರೆ ವಸ್ತು, ಕೈಗೆ ಬಂದರೆ ಅವಮಾನ. ಇರುವುದರಲ್ಲೆಲ್ಲ ಒಳ್ಳೆಯ ಸಾಕ್ಷಿಯನ್ನು ತೋರಿಸುವ ಹಾಗೇ ಇರಲಿಲ್ಲ. ಅತ್ತ ಮಂಜು ಕುಂದಾಣದಿಂದ ಒಬ್ಬರನ್ನು ಕರೆತಂದು ಹಸುವಿನ ಹಲ್ಲು, ಕೆಚ್ಚಲು ತೋರಿಸಿಯಾಗಿತ್ತು.

ಅರ್ಜಿ ಕೊಡಬೇಕಿದ್ದ ಶಾಸಕರ ಜನಸಂಪರ್ಕ ಸಭೆ ನಡೆದದ್ದು ಆಂಜನೇಯನ ಗುಡಿಗೆ ಅಂಟಿಕೊಂಡಿರುವ ಸಮುದಾಯ ಭವನದಲ್ಲಿ. ದೇವರ ಜಾಗವಾದ್ದರಿಂದ ಎಲ್ಲರೂ, ಶಾಸಕರೂ, ಚಪ್ಪಲಿ ಹೊರಗೆ ಬಿಡಬೇಕು. ಸಭೆ ಎಳೆದೆಳೆದು ಸಂಜೆಯ ಹಾಲಿನ ಹೊತ್ತಾಯಿತು. ಡೈರಿಗೆ ಹೊರಟ ಹೆಂಗಸರು, ಅವರೊಳಗೆ ರತ್ನಮ್ಮನೂ, ಏನಾಯಿತೆಂದು ಕೇಳಿಕೊಂಡು ಹೋಗಲು ಕ್ಯಾನಿನ ಸಮೇತ ಬಂದು, ಆತುರದಲ್ಲಿ ಚಪ್ಪಲಿ ಕಳಚಿ ಬಾಗಿಲ ಒಳಗೆ ನಿಂತರು. ಈ ಸಲ ಯಾರೂ ಯಾರನ್ನೂ ಅಣಿಗೊಳಿಸಿರಲಿಲ್ಲ. ನನ್ನ ಅರ್ಜಿ ಇತರ ಅರ್ಜಿಗಳ ಕಟ್ಟಿನೊಳಗೆ ಸೇರಿಕೊಂಡಿತು, ಪರಿಶೀಲಿಸೋಣ ಎಂಬ ಮಾತು ಬಂತು, ಎಲ್ಲರೂ ಎದ್ದರು.

ಬಾಗಿಲ ಹೊರಗೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು, ಎಷ್ಟೋ ಬೋರಲು. ಬೋರಲು ಬಿದ್ದ ಚಪ್ಪಲಿ ಮನೆಗೆ ಜಗಳ ತರುತ್ತದೆಂದು ನಮ್ಮ ಕಡೆಯವರಿಗೆಲ್ಲ ಹುಟ್ಟಿನಿಂದ ಬಂದ ನಂಬಿಕೆ. ಕಂಡವರು ಕಾಲಿನಿಂದಲೇ ತಿರುಗಿಸಿ ಹೋಗುತ್ತಾರೆ, ಅದು ಯಾರದಾದರೂ ಸರಿ. ಶಾಸಕರೂ ಈ ಮಣ್ಣಿನವರೇ. ತಮ್ಮದನ್ನು ಹುಡುಕುತ್ತ ಹೆಬ್ಬೆರಳಿನಿಂದ ಒಂದನ್ನು ತಿರುಗಿಸಿದರು, ಇನ್ನೊಂದನ್ನು ತಿರುಗಿಸಿದರು, ಮೂರನೆಯದಕ್ಕೆ ಕಾಲು ಚಾಚಿದವರು ಹಾಗೆಯೇ ನಿಂತರು. ಆಮೇಲೆ ಪಂಚೆಯನ್ನು ಎತ್ತಿ ಹಿಡಿದು ಕುಕ್ಕುರುಗಾಲಿನಲ್ಲಿ ಕೂತು ನೋಡಿದರು. “ಇದೇನ್ರೀ ಇದು, ಸವೆದಿರೋದೆಲ್ಲ ಎಡಗಾಲಿಂದೇ?”

ನನ್ನ ಪ್ರಶ್ನೆ ಅವರ ಬಾಯಲ್ಲಿ ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಗ್ರಂಥಾಲಯದಲ್ಲಿ ನಾನು ಮೆಚ್ಚಿದ ಪುಸ್ತಕವನ್ನು ಯಾರಾದರೂ ತಾವಾಗಿ ಕಪಾಟಿನಿಂದ ತೆಗೆದಾಗ ಹೀಗೆಯೇ ಆಗುತ್ತಿತ್ತು. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರತ್ನಮ್ಮ ತನ್ನ ಚಪ್ಪಲಿ ಮೆಟ್ಟಿಕೊಂಡು ಕ್ಯಾನು ಎತ್ತಿದ್ದಳು. “ಡೈರಿಗೆ ಹೊತ್ತಾಯ್ತು ಸ್ವಾಮಿ. ಜೊತೇಲಿ ಬಂದ್ರೆ ನಡೀತಾ ಹೇಳ್ತೀನಿ” ಎಂದಳು, ಮತ್ತು ಕಾಯದೆ ಹೊರಟಳು. ಅವರು ಹಿಂದೆ ಹೋದರು. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದಿರಬಹುದು, ಅಥವಾ ನನ್ನ ಹಾಗೆ ಅವರಿಗೂ ತಲೆಗೆ ಹೊಕ್ಕಿದ್ದು ಇಳಿಯದ ಸ್ವಭಾವವಿರಬಹುದು. ಎರಡನೆಯದೇ ಇರಲಿ ಎಂದು ನನ್ನ ಆಸೆ.

ದೊಡ್ಡ ರಸ್ತೆಗೆ ಬಂದ ಮೇಲೆ ಅವರ ಕಾರು ದೀಪ ಮಿನುಗಿಸುತ್ತ ನಮ್ಮ ಹಿಂದೆಯೇ ತೆವಳಿತು, ಅದರ ಹಿಂದೆ ಬೈಕು, ಬಸ್ಸು, ಲಾರಿಗಳೆಲ್ಲ ತೆವಳಿದವು. ರತ್ನಮ್ಮ ಟಾರಿನ ಮೇಲೆ ಎರಡೂ ಕಾಲಿಟ್ಟು ರಾಣಿಯ ಹಾಗೆ ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹೇಳಿದಳು: “ನೀವು ದಿನಾ ಎರಡು ಹೊತ್ತು ಹಿಂಗೆ ಬಂದ್ಬಿಟ್ರೆ ಸಾಕು ಸ್ವಾಮಿ, ನಮಗೆ ಬೇರೆ ದಾರಿನೇ ಬೇಡ.” ಶಾಸಕರು ನಕ್ಕರು, ನಂತರ ನಗು ನಿಲ್ಲಿಸಿ ಹಿಂದೆ ನೋಡಿದರು, ಡ್ರೈವರನಿಗೆ ಡೈರಿಯ ಹತ್ತಿರ ಹೋಗಿ ನಿಲ್ಲಲು ಕೈಸನ್ನೆ ಮಾಡಿದರು. ಕಾರು ಹೋಯಿತು. ಅದರ ಹಿಂದೆ ತಡೆದಿದ್ದುದೆಲ್ಲ ಒಮ್ಮೆಗೇ ನುಗ್ಗಿತು. ಎಂ ಸ್ಯಾಂಡ್ ತುಂಬಿದ ಟಿಪ್ಪರೊಂದು ಹಾರನ್ ಬಾರಿಸುತ್ತ ಬಂದಾಗ ರತ್ನಮ್ಮ ಅಭ್ಯಾಸದಂತೆ ಇಳಿದಳು, ನಾನಿಳಿದೆ, ಅವರ ಎಡಗಾಲೂ ಜಲ್ಲಿಗೆ ಇಳಿದು ಜಾರಿತು. ರತ್ನಮ್ಮ ಕ್ಯಾನನ್ನು ಎಡಗೈಗೆ ದಾಟಿಸಿ, ಉಳುಕಿ ವಾಸಿಯಾಗಿದ್ದ ಕೈಯಿಂದಲೇ ಅವರ ತೋಳು ಹಿಡಿದಳು. ಡೈರಿ ಬರುವವರೆಗೆ ಅವರು ಕಾಲ ಕೆಳಗೆ ನೋಡಿಕೊಂಡೇ ನಡೆದರು. ಕಾರು ಹತ್ತುವ ಮುಂಚೆ, “ಈ ಸಲ ಬಜೆಟ್ ಹೊತ್ತಿಗೆ ಇದಕ್ಕೆ ಅಂತಲೇ ಹಣ ಇಡಿ ಅಂತ ಸದನದಲ್ಲಿ ಕೇಳ್ತೀನಮ್ಮ. ಕೊಡಿಸೋದು ನನ್ನೊಬ್ಬನ ಕೈಲಿಲ್ಲ” ಎಂದರು. ಅದು ಪ್ರಾಮಾಣಿಕವಾದ ಮಾತು, ಆದ್ದರಿಂದಲೇ ನನಗೆ ಚಿಂತೆ.

ಅವರೊಬ್ಬರ ಕೈಯಲ್ಲಿ ಇಲ್ಲದ್ದು ಯಾರ ಕೈಯಲ್ಲಿದೆಯೋ ಅವರೆಲ್ಲರಿಗಾಗಿ ನಾನಿದನ್ನು ಬರೆಯುತ್ತಿದ್ದೇನೆ. ಸದನದಲ್ಲಿ ಕೂರುವ ಸ್ವಾಮಿಗಳೇ, ತಾಯಂದಿರೇ, ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ ದೇವನಹಳ್ಳಿಯಲ್ಲೋ ಹೊಸ ರಸ್ತೆಗೆ ನೀವು ಹಣ ಬರೆಯುವಾಗ ಅದರ ಮಗ್ಗುಲಲ್ಲಿ ಹಳೆಯ ನಕಾಶೆಯ ಆ ಚುಕ್ಕೆಗಳ ಸಾಲನ್ನೂ ಬರೆಯಿರಿ. ನಡೆಯುವವರು ಎಷ್ಟಿದ್ದಾರೆ ಎಂದು ನಮ್ಮನ್ನು ಕೇಳಬೇಡಿ. ನೀವು ಬರುವ ದಿನ ನಾವು ಅವರನ್ನು ಒಳಗಿಟ್ಟಿರುತ್ತೇವೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನು ಒಮ್ಮೆ ಹೆಬ್ಬೆರಳಿನಿಂದ ತಿರುಗಿಸಿ ನೋಡಿ.

ಮಂಜು ಕುಂದಾಣದವರಿಗೆ ಫೋನು ಮಾಡಿ, ಬಜೆಟ್ ಬರಲಿ, ಆಮೇಲೆ ಹೇಳುತ್ತೇನೆ ಎಂದಿದ್ದಾನೆ. ಅಷ್ಟು ದಿನ ಹಸು ಇದೆ, ಅಷ್ಟು ದಿನ ರತ್ನಮ್ಮನಿಗೆ ಆ ಎರಡು ಹೊತ್ತು ಇವೆ. ಅವಳು ಹೊಸ ಜೊತೆ ಚಪ್ಪಲಿ ಕೊಂಡಿದ್ದಾಳೆ, ಮತ್ತೆ ನೀಲಿಯದೇ. ಶನಿವಾರ ಮೆಟ್ಟಿಲು ತೊಳೆಯುವಾಗ ನಾನು ಎರಡನ್ನೂ ತಿರುಗಿಸಿ ನೋಡುತ್ತೇನೆ: ಬಲಗಾಲಿನದರಲ್ಲಿ ಅಚ್ಚಿನ ಗೆರೆಗಳು ಇನ್ನೂ ಹೊಸದಾಗಿವೆ, ಎಡಗಾಲಿನದರಲ್ಲಿ ಆಗಲೇ ಮಾಸಿವೆ. ಎರಡೂ ಒಂದೇ ಸಮ ಸವೆದ ದಿನ ದಾರಿ ಬಂದಿದೆ ಎಂದು ಸದನಕ್ಕಿಂತ ಮೊದಲು ನನಗೆ ಗೊತ್ತಾಗುತ್ತದೆ.

ಹೋದ ಶನಿವಾರ ನೋಡಿ ಮುಗಿಸಿ ಎಡಗಾಲಿನದನ್ನು ನೆಟ್ಟಗೆ ಮಾಡಲು ಮರೆತು ಒಳಗೆ ಹೋಗಿದ್ದೆ. ರತ್ನಮ್ಮ ಬಂದು ಅದನ್ನು ಕಂಡಳು, ಬೋರಲು ಬಿದ್ದ ಚಪ್ಪಲಿಯನ್ನು ಜನ್ಮದಲ್ಲಿ ಹಾಗೆ ಬಿಟ್ಟವಳಲ್ಲ ಅವಳು. ಕಾಲು ಚಾಚಿದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು. “ಇರ್ಲಿ ಬಿಡಕ್ಕಾ, ಜಗಳ ಆಗೋದಾದ್ರೆ ಆಗ್ಲಿ” ಎಂದಳು. ಅವಳು ಡೈರಿಯಿಂದ ಬಂದು ಬಿಚ್ಚಿಟ್ಟಾಗಲೆಲ್ಲ ಎಡಗಾಲಿನದು ಈಗ ಬೋರಲೇ ಇರುತ್ತದೆ.